ನೂರಕ್ಕೆ ಅರವತ್ತು ದೋಣಿ

ಗಂಟಲು ಸುಳ್ಳು ಹೇಳುವುದಿಲ್ಲ ಎಂದು ಕಂಡುಹಿಡಿದವಳು ವಾರಿಜಾ. ಬಾಯಿ ಏನನ್ನು ಬೇಕಾದರೂ ಹೇಳೀತು. "ಒಳ್ಳೆ ಹೆಸರು ಮೇಡಂ, ಬಹಳ ಚೆನ್ನಾಗಿದೆ" ಎಂದು ತಲೆಯಾಡಿಸಿ, ಅರ್ಜಿಗೆ ಸಹಿ ಹಾಕಿ, ಕೊಟ್ಟ ಕಾಫಿ ಕುಡಿದು ಹೋದ ಜನ ಮನೆ ಸೇರಿದ ಮೇಲೆ ಆ ಸಾಫ್ಟ್‌ವೇರನ್ನು ಫೋನಿಗೆ ಇಳಿಸಿಕೊಳ್ಳುವುದೇ ಇಲ್ಲ. ಆದರೆ ಒಂದು ಹೆಸರು ಕಿವಿಗೆ ಬಿದ್ದು ಮನಸ್ಸಿಗೆ ಹಿಡಿಸಿತೆಂದರೆ, ಕಾಲು ಸೆಕೆಂಡಿನೊಳಗೆ ಗಂಟಲಿನ ಸ್ನಾಯುಗಳು ಅದನ್ನು ಸದ್ದಿಲ್ಲದೆ ಒಮ್ಮೆ ಹೇಳಿಕೊಂಡುಬಿಡುತ್ತವೆ. ಕೇಳಿದವನಿಗೇ ಅದು ಗೊತ್ತಾಗುವುದಿಲ್ಲ. ಆ ಸಣ್ಣ ನಡುಕವನ್ನು ಹಿಡಿಯುವ ಪಟ್ಟಿಯೊಂದನ್ನು ವಾರಿಜಾ ಏಳು ವರ್ಷ ಕೂತು ಮಾಡಿದಳು. ಕೊರಳಿಗೆ ಸುತ್ತಿ ಹೆಸರು ಕೇಳಿಸಿದರೆ ಅದು ಸೊನ್ನೆಯಿಂದ ನೂರರವರೆಗೆ ಅಂಕ ಕೊಡುತ್ತಿತ್ತು.

ಅದರ ಅಗತ್ಯವೂ ಆಗ ಇತ್ತು. ಜನನ ಪತ್ರದಿಂದ ಹಿಡಿದು ಸ್ಮಶಾನದ ಪಾಳಿಯವರೆಗೆ ಸರ್ಕಾರದ ಎಲ್ಲ ಕೆಲಸಕ್ಕೂ ಒಂದೊಂದು ಸಾಫ್ಟ್‌ವೇರ್ ಬಂದಿದ್ದ ಕಾಲ. ಅವುಗಳಲ್ಲಿ ಒಳ್ಳೆಯವೂ ಇದ್ದವು. ಆದರೆ ಒಂಬತ್ತು ಜನರ ಸಮಿತಿ ಕೂತು, ಊಟ ಮುಗಿಸಿ, ತೂಕಡಿಸುತ್ತ ಇಟ್ಟ ಹೆಸರುಗಳನ್ನು ಹೊತ್ತು ಅವು ಮೂಲೆ ಸೇರುತ್ತಿದ್ದವು. ಹೆಸರೇ ಕಾರಣ ಎಂದು ವಾರಿಜಾ ವಾದಿಸಿದಳು. ಇಲಾಖೆಯ ದೊಡ್ಡವರು ನಕ್ಕರು. ಒಳಗಿನ ಸರಕು ಚೆನ್ನಾಗಿದ್ದರೆ ಹೆಸರು ಯಾರಿಗೆ ಬೇಕು, ಬೇಕಾದರೆ ಸಾಬೀತು ಮಾಡಿ ತೋರಿಸಿ ಎಂದರು. ಒಂದೇ ಸಾಫ್ಟ್‌ವೇರ್, ಎರಡು ಹೆಸರು, ಹನ್ನೆರಡು ಮೀನುಗಾರಿಕೆ ಬಂದರು, ತೊಂಬತ್ತು ದಿನ. ಪ್ರಯೋಗ ಹೀಗೆ ಶುರುವಾಯಿತು.

ಸಾಫ್ಟ್‌ವೇರ್ ಮಾತ್ರ ನಿಜಕ್ಕೂ ಅಪರೂಪದ್ದು. ಕಡಲು ಬಿಸಿಯಾದ ಮೇಲೆ ಕರಾವಳಿಗೆ ಹೊಸದೊಂದು ಪೀಡೆ ಬಂದಿತ್ತು. ಜನ ಅದನ್ನು ಕಳ್ಳಗಾಳಿ ಎನ್ನುತ್ತಿದ್ದರು. ಉಪಗ್ರಹಕ್ಕೆ ಕಾಣದಷ್ಟು ಸಣ್ಣದು, ದೋಣಿ ಮಗುಚುವಷ್ಟು ದೊಡ್ಡದು. ಅರ್ಧ ಗಂಟೆಯಲ್ಲಿ ಹುಟ್ಟಿ ಅರ್ಧ ಗಂಟೆಯಲ್ಲಿ ಸಾಯುತ್ತಿತ್ತು. ವರ್ಷಕ್ಕೆ ಇನ್ನೂರು ಮುನ್ನೂರು ಜನರನ್ನು ಕೊಂಡೊಯ್ಯುತ್ತಿತ್ತು. ಅದು ಹುಟ್ಟುವ ಮೊದಲು ನೀರು ಒಂದು ಬಗೆಯಲ್ಲಿ ಅದುರುತ್ತದೆ. ಫೋನನ್ನು ರೇಡಿಯೋ ಇರುವ ಒಂದು ಪೆಟ್ಟಿಗೆಯಲ್ಲಿಟ್ಟು ದೋಣಿಯ ತಳಕ್ಕೆ ಬಿಗಿದರೆ ಆ ಅದುರು ಅದಕ್ಕೆ ತಿಳಿಯುತ್ತದೆ. ಒಂದು ದೋಣಿಯ ಅದುರಿನಿಂದ ಏನೂ ಗೊತ್ತಾಗುವುದಿಲ್ಲ. ಬಂದರಿನ ನೂರಕ್ಕೆ ಅರವತ್ತು ದೋಣಿಗಳಾದರೂ ಒಟ್ಟಿಗೆ ಹೇಳಿದರೆ ಇಪ್ಪತ್ತು ನಿಮಿಷ ಮೊದಲೇ ಎಲ್ಲರ ಪರದೆಯೂ ಕೆಂಪಾಗುತ್ತದೆ. ಅರವತ್ತಕ್ಕಿಂತ ಕಡಿಮೆಯಾದರೆ ಸಾಫ್ಟ್‌ವೇರು ಕುರುಡು.

ವಾರಿಜಾಳ ಪಟ್ಟಿ ಮುನ್ನೂರು ಹೆಸರುಗಳನ್ನು ಅಳೆದು ಎರಡನ್ನು ಆರಿಸಿತು. 'ಅಬ್ಬೆ' ಎಂಬುದಕ್ಕೆ ತೊಂಬತ್ತನಾಲ್ಕು ಅಂಕ. 'ಪ್ರಕ್ಷುಬ್ಧ ಸೂಚಕ' ಎಂಬುದಕ್ಕೆ ಒಂಬತ್ತು.

ಬಂದರುಗಳನ್ನು ಚೀಟಿ ಎತ್ತಿ ಹಂಚಿದರು. ಗುಡ್ಡದ ಮೇಲಿನ ಸಂಶೋಧನಾ ಕೇಂದ್ರದಲ್ಲಿ, ನಿರ್ದೇಶಕ ಡಾ. ಜಯತೀರ್ಥ ಕೊಪ್ಪರರ ಮೇಜಿನ ಮೇಲೆ, ಎಲ್ಲರ ಎದುರಿಗೇ. ಹೊಸಬಂಡೆ ಬಂದರು ಅಬ್ಬೆಯ ಪಾಲಿಗೆ ಬಂತು. ಅದರ ನೆರೆಯ ತೆಂಕಳಿವೆ ಪ್ರಕ್ಷುಬ್ಧ ಸೂಚಕದ ಪಾಲಿಗೆ. ವಾರಿಜಾ ಆ ಚೀಟಿಯನ್ನು ಇನ್ನೊಮ್ಮೆ ಓದಿದಳು. ಅವಳು ಹುಟ್ಟಿದ್ದು ತೆಂಕಳಿವೆಯಲ್ಲಿ. ಅವಳ ತಮ್ಮ ದಾಮೋದರ ಅಲ್ಲಿಂದಲೇ ದಿನವೂ ಕಡಲಿಗೆ ಇಳಿಯುತ್ತಿದ್ದ.

ಹೇಳಬೇಕಿತ್ತು. ಹೇಳಿದ್ದರೆ ಅವಳನ್ನು ಪ್ರಯೋಗದಿಂದ ಹೊರಗಿಡುತ್ತಿದ್ದರು, ನಿಯಮ ಹಾಗಿತ್ತು. ಏಳು ವರ್ಷದ ದುಡಿಮೆಯನ್ನು ಬೇರೊಬ್ಬರ ಕೈಗಿತ್ತು ಬಾಗಿಲ ಹೊರಗೆ ನಿಲ್ಲಲು ಅವಳಿಗೆ ಮನಸ್ಸಾಗಲಿಲ್ಲ. ಸುಮ್ಮನಿದ್ದಳು.

ಅದೇ ದಿನ ಇನ್ನೊಂದು ಮಾತೂ ತೀರ್ಮಾನವಾಯಿತು. ಸಾಫ್ಟ್‌ವೇರ್ ಬರೆದ ಹುಡುಗಿ ನಾಝಿಮಾ, ದೋಣಿಗಳು ನೂರಕ್ಕೆ ಅರವತ್ತಕ್ಕಿಂತ ಕಡಿಮೆಯಿದ್ದರೆ ಪರದೆಯ ಮೇಲೆ 'ಮಾಹಿತಿ ಸಾಲದು' ಎಂದು ಹಳದಿ ಬಣ್ಣದಲ್ಲಿ ಬರುವಂತೆ ಮಾಡಿದ್ದಳು. ವಾರಿಜಾ ಅದನ್ನು ತೆಗೆಸಿದಳು. "ಒಂದು ಕಡೆ ಹಳದಿ, ಒಂದು ಕಡೆ ಹಸಿರು ಕಂಡರೆ ಜನ ಬಣ್ಣ ನೋಡಿ ಬಿಡ್ತಾರೆ, ಹೆಸರು ನೋಡಿ ಅಲ್ಲ. ಹೆಸರೊಂದನ್ನು ಬಿಟ್ಟು ಉಳಿದದ್ದೆಲ್ಲ ಎರಡೂ ಕಡೆ ಒಂದೇ ಇರಬೇಕು" ಎಂದಳು. ಪ್ರಯೋಗದ ಶಾಸ್ತ್ರದ ಪ್ರಕಾರ ಅದು ಸರಿಯೇ. ಕೆಂಪಿಲ್ಲದಾಗಲೆಲ್ಲ ಹಸಿರು ಎಂದಾಯಿತು. ವಾರಿಜಾ ಸಹಿ ಹಾಕಿದಳು.

ಮುಂದಿನ ಭಾನುವಾರ ಅವಳು ತೆಂಕಳಿವೆಗೆ ಹೋದಳು. ತಮ್ಮನ ಮನೆ ಬಂದರಿನ ಬೆನ್ನಿಗೇ ಇತ್ತು. ನಾದಿನಿ ಸುಗಂಧಿ ಬಂಗುಡೆ ಹುರಿಯುತ್ತಿದ್ದಳು. ಜಗಲಿಯ ಮೇಲೆ ತಮ್ಮನ ನಾಲ್ಕು ವರ್ಷದ ಮಗಳು ಕೂತು ಬಲೆಗೆ ಕಟ್ಟುವ ಗುಂಡುಗಳನ್ನು ಸಾಲಾಗಿ ಜೋಡಿಸುತ್ತಿದ್ದಳು.

ಬಂದರಿನಲ್ಲಿ ಆ ದಿನ ಇಲಾಖೆಯವರು ಪೆಟ್ಟಿಗೆ ಹಂಚಿ, ಫೋನಿಗೆ ಸಾಫ್ಟ್‌ವೇರ್ ಇಳಿಸಿಕೊಳ್ಳಲು ಹೇಳಿ ಹೋಗಿದ್ದರು. ತೆಂಕಳಿವೆಯವರದ್ದು ಒಂದು ಪದ್ಧತಿ. ಬಲೆಯಿರಲಿ, ಎಂಜಿನ್ನಿರಲಿ, ಐಸಿನ ಪೆಟ್ಟಿಗೆಯೇ ಇರಲಿ, ಹೊಸದೇನು ದೋಣಿ ಹತ್ತಿದರೂ ದೋಣಿ ನಡೆಸುವ ತಾಂಡೇಲನಾದವನು ಮುಂತುದಿಯ ಅಣಿಯದ ಮೇಲೆ ನಿಂತು ಕಡಲಿಗೆ ಮುಖ ಮಾಡಿ ಅದರ ಹೆಸರನ್ನು ಮೂರು ಸಲ ಕೂಗಬೇಕು. ದಡದಲ್ಲಿರುವವರು ಓ ಅನ್ನಬೇಕು. ದೋಣಿಯಲ್ಲಿ ಏನಿದೆಯೆಂದು ಕಡಲಿಗೂ ಗೊತ್ತಿರಲಿ, ಊರಿಗೂ ಗೊತ್ತಿರಲಿ ಎಂದು. ಕೂಗದೆ ಹತ್ತಿಸಿದ್ದನ್ನು ಕದ್ದ ಮಾಲಿನಂತೆ ಕಾಣುತ್ತಿದ್ದರು. ಹನ್ನೆರಡೂ ಬಂದರುಗಳಲ್ಲಿ ಹೆಚ್ಚುಕಡಿಮೆ ಇದೇ ನಡೆ. ವಾರಿಜಾಳ ಪಟ್ಟಿ ಅಬ್ಬೆಗೆ ಅಷ್ಟು ಅಂಕ ಕೊಟ್ಟದ್ದು ಸುಮ್ಮನೆ ಅಲ್ಲ. ಎಂಜಿನ್ನಿನ ಗದ್ದಲದ ಮೇಲೆ ಕೂಗಿದರೆ ಅದು ಅರ್ಧ ಮೈಲಿ ಹೋಗುತ್ತಿತ್ತು.

ದಾಮು ಮೂಗಿನ ಮೇಲಿನ ಬೆವರು ಒರೆಸಿಕೊಳ್ಳುತ್ತ ಬಂದು ಜಗಲಿಯಲ್ಲಿ ಕೂತ. ನಗು ತಡೆಯಲಾಗುತ್ತಿರಲಿಲ್ಲ.

"ಅಕ್ಕ, ಎಂತ ಹೆಸ್ರ್ ಮರಾಯ್ತಿ ಅದ್! ಪಕ್ಕದ್ ದೋಣಿ ಹೆರಿಯಣ್ಣ ಕೂಗೂಕೆ ಹೋಯಿ ನಾಲ್ಗಿ ಕಚ್ಕಂಡ. ಪಕ್ಷಿ ಅಂದ, ಪಕ್ಷುಬ ಅಂದ. ದಡದಗಿದ್ದ್ ಹೆಂಗ್ಸ್ರೆಲ್ಲ ಬಿದ್ದ್ ಬಿದ್ದ್ ನೆಗಾಡ್ರ್. ಓ ಅಂಬುಕೆ ಒಬ್ಬ್ರೂ ಇಲ್ಲೆ. ಕೊನೆಗೆ ಪೆಟ್ಟಿಗೆ ತಕಂಡ್ ಮೀನ್ ಉಪ್ಪ್ ಹಾಕೂಕೆ ಇಟ್ಕಂಡ."

"ನೀ ಹಾಕ್ಕಂಡ್ಯಾ?"

"ಕೂಗೂಕೇ ಬಾರದ್ದನ್ನ ದೋಣಿಗೆ ಹತ್ಸುದ್ ಹ್ಯಾಂಗೆ? ಯಾರ್ ಹಾಕ್ಕಂತ್ರ್?"

ವಾರಿಜಾ ಒಳಗೆ ಇಣುಕಿ ನೋಡಿದಳು. ಸುಗಂಧಿ ಒಲೆಯ ಮುಂದಿದ್ದಳು. ವಾರಿಜಾ ದನಿ ತಗ್ಗಿಸಿದಳು. ಹೆಸರಿನ ಪ್ರಯೋಗ ಮಾಡುವವಳು ತಾನು, ಯಾರಿಗೂ ಹೀಗೆ ಹೇಳಕೂಡದು ಎಂಬುದು ಅವಳೇ ಬರೆದ ನಿಯಮ. ಆದರೆ ತಾಯಿ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳೂ ಅವಳೇ.

"ದಾಮು, ಹೆಸ್ರ್ ಬಿಡ್. ಕೂಗ್ಬೇಡ. ಸುಮ್ನೆ ತಳಕ್ಕೆ ಬಿಗ್ದ್ ಇಟ್ಕ. ನನ್ನ ಮೇಲಾಣೆ. ಯಾರಿಗೂ ಹೇಳ್ಬೇಡ, ಸುಗಂಧಿಗೂ ಹೇಳ್ಬೇಡ."

"ನೀ ಮಾಡದ್ದಾ ಇದ್?"

"ಹೌದ್."

ಅವನ ಮುಖದ ನಗು ಹೋಯಿತು. ಅಕ್ಕ ಮಾಡಿದ್ದನ್ನು ಹಾಸ್ಯ ಮಾಡಿದೆನಲ್ಲಾ ಎಂದು ನಾಚಿಕೊಂಡ. "ಮೊದ್ಲೇ ಹೇಳೂಕ್ ಆತಿರ್ಲಿಲ್ಯಾ ನಿಂಗೆ" ಎಂದು ಎದ್ದುಹೋಗಿ, ಊಟಕ್ಕೆ ಕೂರುವ ಮೊದಲೇ ದೋಣಿಯ ಹಲಗೆಯ ಕೆಳಗೆ ಪೆಟ್ಟಿಗೆ ಬಿಗಿದು ಬಂದ. ವಾರಿಜಾ ಆ ದಿನ ನೆಮ್ಮದಿಯಿಂದ ಎರಡು ಬಂಗುಡೆ ಹೆಚ್ಚೇ ತಿಂದಳು. ತಮ್ಮನನ್ನು ಕಾಪಾಡಿದೆ ಎಂದೇ ಅವಳು ತಿಳಿದಿದ್ದಳು. ಅರವತ್ತರ ಲೆಕ್ಕ ಆ ಹೊತ್ತಿನಲ್ಲಿ ಅವಳ ತಲೆಗೆ ಬರಲೇ ಇಲ್ಲ. ವಿಜ್ಞಾನಿಗಳೂ ಮನೆಯ ಜಗಲಿಯ ಮೇಲೆ ಕೂತಾಗ ಬರಿಯ ಅಕ್ಕ ತಂಗಿಯರೇ ಆಗಿರುತ್ತಾರೆ.

ಅದು ತಲೆಗೆ ಬಂದದ್ದು ಐವತ್ತೆಂಟನೆಯ ದಿನ.

ಆ ದಿನ ಬೆಳಿಗ್ಗೆ ಹತ್ತು ಗಂಟೆಗೆ ಹೊಸಬಂಡೆಯ ಕಡಲಿನಲ್ಲಿ ಕಳ್ಳಗಾಳಿ ಹುಟ್ಟಿತು. ಕೇಂದ್ರದ ದೊಡ್ಡ ಪರದೆಯ ಮೇಲೆ ಆ ಬಂದರಿನ ದೋಣಿಗಳೆಲ್ಲ ಹಸಿರು ಚುಕ್ಕಿಗಳಾಗಿ ಹರಡಿದ್ದವು. ನೂರಕ್ಕೆ ತೊಂಬತ್ತೊಂದು ದೋಣಿಗಳು ಅಬ್ಬೆಯನ್ನು ಹತ್ತಿಸಿಕೊಂಡಿದ್ದವು. ಒಮ್ಮೆಲೇ ಎಲ್ಲ ಚುಕ್ಕಿಗಳೂ ಕೆಂಪಾದವು. ನಾಝಿಮಾ ಎದ್ದು ಪರದೆಯ ಹತ್ತಿರ ಹೋದಳು. ಕೆಂಪು ಚುಕ್ಕಿಗಳು ಒಂದೊಂದಾಗಿ ಮುಖ ತಿರುಗಿಸಿ ದಡದತ್ತ ಹರಿದವು. ಅಬ್ಬೆ ಇಲ್ಲದವರೂ ಉಳಿದವರು ತಿರುಗಿದ್ದನ್ನು ಕಂಡು ತಿರುಗಿದರು. ಗಾಳಿ ಬಂತು, ಹೊರಳಾಡಿತು, ಹೋಯಿತು. ಹೊಸಬಂಡೆಯಲ್ಲಿ ಒಬ್ಬನಿಗೂ ಗೀರುಗಾಯವಾಗಲಿಲ್ಲ. ಮರುದಿನ ಅಲ್ಲಿಯ ಹೆಂಗಸರು ಫೋನುಗಳಿಗೆ ಅಬ್ಬಲಿಗೆ ಹೂ ಮುಡಿಸಿದ ಚಿತ್ರಗಳು ಬಂದವು. ಬಂಡೆಯ ಮೇಲೆ ಕೂತು ಪಡುವಣ ಬಾನಿನ ಅಂಚು ನೋಡಿ ಗಾಳಿಯ ಸುದ್ದಿ ಹೇಳುತ್ತಿದ್ದ ಮುದುಕರು ಇನ್ನು ನಮ್ಮ ಕೆಲಸವಿಲ್ಲವೆಂದು ಮನೆಗೆ ಹೋದರು.

ಕೊಪ್ಪರರು ಧಾರವಾಡದಿಂದ ತರಿಸಿದ ಪೇಡೆ ಹಂಚಿದರು. ವಾರಿಜಾ ಪೇಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ತೆಂಕಳಿವೆಯ ದೋಣಿಗಳ ಪಟ್ಟಿ ತೆರೆದಳು. ನೂರ ನಲವತ್ತು ದೋಣಿಗಳು. ಪ್ರಕ್ಷುಬ್ಧ ಸೂಚಕ ಇದ್ದದ್ದು ಹದಿನಾರರಲ್ಲಿ. ಅವುಗಳಲ್ಲಿ ದಾಮುವಿನ ಚುಕ್ಕಿ ಹಸಿರಾಗಿ ಕಾಣುತ್ತಿತ್ತು. ಐವತ್ತೆಂಟು ದಿನವೂ ಹಸಿರು. ಗಾಳಿ ಬಂದಿದ್ದರೂ ಅದು ಹಸಿರೇ ಇರುತ್ತಿತ್ತು. ಪೇಡೆಯನ್ನು ಮೇಜಿನ ಮೇಲಿಟ್ಟಳು.

ಅವಳು ಕೊಪ್ಪರರ ಕೋಣೆಗೆ ನುಗ್ಗಿದಳು.

"ಸರ್, ಸಾಬೀತಾಯಿತಲ್ಲ. ಇವತ್ತೇ ಪ್ರಯೋಗ ನಿಲ್ಲಿಸೋಣ. ಎಲ್ಲ ಕಡೆಗೂ ಅಬ್ಬೆ ಅಂತ ಇಟ್ಟುಬಿಡೋಣ."

ಕೊಪ್ಪರರು ಕೆಟ್ಟ ಮನುಷ್ಯರಲ್ಲ. ಆದರೆ ಮೂವತ್ತು ವರ್ಷ ಇಲಾಖೆಯ ಬಾಗಿಲು ಕಾದು ಕಾದು ಕಾಗದವೇ ಅವರಿಗೆ ಕಣ್ಣಾಗಿತ್ತು. "ಅರ್ಧ ಆಗೇದ ನೋಡ್ರಿ ವಾರಿಜಾ. ಅಬ್ಬೆ ಇದ್ದಲ್ಲಿ ಏನಾತು ಅಂತ ತೋರಿಸೀವಿ. ಇನ್ನೊಂದು ಹೆಸರಿನ ಬಂದರಿಗೆ ಗಾಳಿನ ಬಂದಿಲ್ಲ. ಅಲ್ಲಿ ಏನಾಗ್ತದ ಅಂತ ತೋರಿಸದಿದ್ದರ ಅವರು ಒಪ್ಪೂದಿಲ್ಲ."

"ಏನಾಗ್ತದೆ ಅಂತ ನಮಗೆ ಗೊತ್ತಿಲ್ವಾ ಸರ್?"

"ಗೊತ್ತದ. ಬರದು ತೋರಿಸಬೇಕಲ್ಲ."

"ಹೋಗಲಿ, ಆ ಹಸಿರನ್ನಾದರೂ ತೆಗೀರಿ. ಹದಿನಾರು ದೋಣಿಗೆ ಅದು ಸುಳ್ಳು ಹೇಳ್ತಿದೆ."

ಕೊಪ್ಪರರು ಕಡತ ತೆಗೆದು ಅವಳ ಮುಂದೆ ತಿರುಗಿಸಿದರು. ಅವಳದೇ ಸಹಿ ಇತ್ತು. "ನಡುವ ಬದಲಿ ಮಾಡಿದರ ಇಡೀ ಪ್ರಯೋಗ ಕೆಟ್ಟಂಗ ಅಂತ ಬರದವರು ನೀವ. ಮೂವತ್ತೆರಡು ದಿನ ಅದ. ತಡಕೋರಿ. ಮುಂದ ಹತ್ತು ವರ್ಷ ಎಷ್ಟು ಜೀವ ಉಳೀತಾವು ಲೆಕ್ಕ ಹಾಕ್ರಿ."

ಅವಳು ಲೆಕ್ಕ ಹಾಕಿದಳು. ಲೆಕ್ಕ ಅವರ ಪರವಾಗಿಯೇ ಇತ್ತು. ಅಲ್ಲಿ ತಮ್ಮನಿದ್ದಾನೆ ಎಂದು ಹೇಳಲು ಬಾಯಿ ತೆರೆದಳು. ಹೇಳಿದರೆ ಮೊದಲ ದಿನ ಮುಚ್ಚಿಟ್ಟದ್ದೂ ಹೊರಬಿದ್ದು, ಹೊಸಬಂಡೆಯಲ್ಲಿ ಬಂದ ಫಲಿತಾಂಶವೂ ಕಸದ ಬುಟ್ಟಿಗೆ ಹೋಗುತ್ತಿತ್ತು. ಬಾಯಿ ಮುಚ್ಚಿಕೊಂಡು ಹೊರಗೆ ಬಂದು ದಾಮುವಿಗೆ ಫೋನು ಮಾಡಿದಳು.

"ದಾಮು, ಆ ಪೆಟ್ಟಿಗೆ ತೆಗ್ದ್ ಹಾಕ್."

"ಎಂತಕ್ಕೆ?"

"ಅದ್ ಇನ್ನೂ ಪರೀಕ್ಷೆಲಿ ಇತ್ತ್. ನಂಬೂಕೆ ಆತಿಲ್ಲೆ."

ಆಚೆ ಕಡೆಯಿಂದ ನಗು. "ನೋಡ್ ಅಕ್ಕ, ನೀ ಸಣ್ಣಾಗಿಪ್ಪತ್ತಿಗೂ ಹೀಂಗೇ. ಎಂತ ಮಾಡಿರೂ ಸರಿ ಆಯ್ಲಿಲ್ಲ, ಸರಿ ಆಯ್ಲಿಲ್ಲ ಅಂದೇಳಿ. ಲಾಯ್ಕ್ ಇತ್ತ್ ಅದ್. ಮೊದ್ಲೆಲ್ಲ ಪಡು ಬದಿಲಿ ಒಂಚೂರ್ ಕಪ್ಪ್ ಕಂಡ್ರೆ ಸಾಕ್, ಬಲೆ ಎಳ್ಕಂಡ್ ಓಡಿ ಬತ್ತಿದ್ದೆ. ಈಗ ಹೆದ್ರಿಕೆ ಇಲ್ಲೆ. ನಿನ್ನ ಹಸ್ರ್ ಕಾಣ್ತೆ, ಬಲೆ ಹಾಕ್ತೆ. ಈ ತಿಂಗ್ಳ್ ಎಷ್ಟ್ ಮೀನ್ ಗೊತ್ತಿತ್ತಾ?"

"ನಾ ಹೇಳದ್ ಕೇಣ್. ತೆಗಿ."

"ನೀ ಮಾಡದ್ದ್ ಅಲ್ದಾ?"

"ನಾನೇ ಮಾಡದ್ದ್."

"ಹಾಂಗಾರೆ ಸಾಕ್ ಬಿಡ್."

ಆಗಲೇ ಹೇಳಬಹುದಿತ್ತು. ಆ ಹಸಿರು ಸುಳ್ಳು, ನಾನೇ ಮಾಡಿಸಿದ ಸುಳ್ಳು ಎಂದು ಒಂದೇ ಮಾತು. ಅಷ್ಟರಲ್ಲಿ ಕಾರಿಡಾರಿನಲ್ಲಿ ಕೊಪ್ಪರರ ಹೆಜ್ಜೆ ಕೇಳಿಸಿತು. ಭಾನುವಾರ ಊರಿಗೆ ಹೋಗಿ ಎದುರಿಗೇ ಹೇಳುತ್ತೇನೆ, ನಾನೇ ಕೈಯಾರೆ ಪೆಟ್ಟಿಗೆ ಕಿತ್ತು ತರುತ್ತೇನೆ ಎಂದುಕೊಂಡು ವಾರಿಜಾ ಫೋನಿಟ್ಟಳು. ಆ ಭಾನುವಾರ ಇಲಾಖೆಯವರು ಬಂದರು. ಮುಂದಿನ ಎರಡು ಭಾನುವಾರವೂ ವರದಿಯ ಕರಡು ಇತ್ತು. ಅದರ ಮುಂದಿನದಕ್ಕೆ ಹೋಗುವುದು ಖಂಡಿತ ಎಂದು ಚೀಲ ಕೂಡ ತೆಗೆದಿಟ್ಟಿದ್ದಳು.

ಎಪ್ಪತ್ತೊಂಬತ್ತನೆಯ ದಿನ, ಗುರುವಾರ, ಮಧ್ಯಾಹ್ನದ ಊಟದ ಹೊತ್ತು. ಕೇಂದ್ರದ ಕೋಣೆಯಲ್ಲಿ ನಾಝಿಮಾ ಒಬ್ಬಳೇ ಇದ್ದಳು. "ಮೇಡಂ, ಬೇಗ ಬನ್ನಿ" ಎಂದು ಅವಳು ಕೂಗಿದ್ದಕ್ಕೆ ವಾರಿಜಾ ತಟ್ಟೆ ಬಿಟ್ಟು ಓಡಿಬಂದಳು.

ಹೊಸಬಂಡೆಯ ತೆಂಕುಬದಿಯ ದೋಣಿಗಳೆಲ್ಲ ಕೆಂಪಾಗಿದ್ದವು. ಗಾಳಿ ಹುಟ್ಟಿದ್ದು ಎರಡು ಬಂದರುಗಳ ನಡುವೆ. ಅದರ ಮುಖ ಮಾತ್ರ ತೆಂಕಳಿವೆಯ ಕಡೆಗಿತ್ತು. ಅಲ್ಲಿಯ ಹದಿನಾರು ಚುಕ್ಕಿಗಳು ಹಚ್ಚಗೆ ಹಸಿರಾಗಿ ನಿಶ್ಚಿಂತೆಯಿಂದ ತೇಲುತ್ತಿದ್ದವು.

"ಅವರಿಗೂ ಕೆಂಪು ಕಳಿಸು."

"ಬಂದರು ಬಂದರಿನ ಮಾಹಿತಿ ಬೇರೆ ಬೇರೆ ಇಟ್ಟಿದ್ದೇವಲ್ಲ ಮೇಡಂ. ಕೈಯಿಂದ ಕಳಿಸ್ಬೇಕಾದ್ರೆ ಎರಡು ಕೀಲಿ ಬೇಕು. ನಿಮ್ಮದು, ಸರ್ ಅವರದು."

ವಾರಿಜಾ ತನ್ನ ಕೀಲಿ ಒತ್ತಿದಳು. ದಾಮುವಿಗೆ ಫೋನು ಮಾಡಿದಳು. ಹನ್ನೆರಡು ಮೈಲಿ ಆಚೆ ಫೋನಿಗೆ ಎಲ್ಲಿಯ ಸಿಗ್ನಲ್ಲು. ಪೆಟ್ಟಿಗೆಯ ರೇಡಿಯೋ ಚುಕ್ಕಿ, ಬಣ್ಣಗಳನ್ನಷ್ಟೇ ಸಾಗಿಸುತ್ತಿತ್ತು, ಮಾತನ್ನಲ್ಲ. ಕೊಪ್ಪರರು ಊಟಕ್ಕೆ ಮನೆಗೆ ಹೋಗಿದ್ದರು. ಅವರು ಒಂದು ಮಾತೂ ಎದುರಾಡದೆ, ಕೈಗಂಟಿದ ಅನ್ನವನ್ನೂ ತೊಳೆಯದೆ ಓಡಿಬಂದು ಕೀಲಿ ಒತ್ತಿದರು. ಅಷ್ಟಕ್ಕೆ ಇಪ್ಪತ್ತಾರು ನಿಮಿಷ ಹಿಡಿಯಿತು.

ಆ ಇಪ್ಪತ್ತಾರು ನಿಮಿಷಗಳಲ್ಲಿ ತೆಂಕಳಿವೆಯ ಉಳಿದ ದೋಣಿಗಳು ಏನು ಮಾಡುತ್ತಿದ್ದವು ಎಂಬುದು ಪರದೆಗೆ ಗೊತ್ತಿರಲಿಲ್ಲ, ಆಮೇಲೆ ತಿಳಿಯಿತು. ಸಾಫ್ಟ್‌ವೇರನ್ನು ಹತ್ತಿಸಿಕೊಳ್ಳದ ಆ ನೂರಿಪ್ಪತ್ತನಾಲ್ಕು ದೋಣಿಗಳ ತಾಂಡೇಲರು ಎಂದಿನಂತೆ ಪಡುವಣ ಬಾನಿನ ಅಂಚು ನೋಡಿದರು. ಬೈದುಕೊಂಡು, ಬಲೆ ಅರ್ಧಕ್ಕೆ ಕತ್ತರಿಸಿ, ದಡದತ್ತ ಓಡಿದರು. ಹೆರಿಯಣ್ಣ ಹಿಂದಿರುಗುವಾಗ ದಾಮುವಿನ ದೋಣಿಯನ್ನು ದಾಟಿಯೇ ಬಂದನಂತೆ. "ಬಾರಾ ದಾಮು" ಎಂದು ಕೈಬೀಸಿ ಕರೆದನಂತೆ. ದಾಮು ಬಗ್ಗಿ ಹಲಗೆಯ ಕೆಳಗೆ ಏನನ್ನೋ ನೋಡಿ, ಎದ್ದು ನಿಂತು, ನೀ ಹೋಗು ಎಂಬಂತೆ ನಕ್ಕು ಕೈಮಾಡಿದನಂತೆ.

ಕೆಂಪು ಹೋಗಿ ತಲುಪುವಾಗ ಹದಿಮೂರು ಚುಕ್ಕಿಗಳು ಉಳಿದಿದ್ದವು. ಅವು ತಿರುಗಿದವು. ಮೂರು ಚುಕ್ಕಿಗಳು ಪರದೆಯ ಮೇಲೆ ಇರಲಿಲ್ಲ. ವಾರಿಜಾ ಆ ಜಾಗವನ್ನು ಬೆರಳಿಂದ ಒರೆಸಿ ಒರೆಸಿ ನೋಡಿದಳು, ಪರದೆಗೆ ಧೂಳು ಕೂತಿದೆಯೇನೋ ಎಂಬಂತೆ. ನಾಝಿಮಾ ಅವಳ ಕೈ ಹಿಡಿದಳು.

ಹದಿನೇಳು ಜನ. ದಾಮುವಿನ ದೇಹ ಮೂರನೆಯ ದಿನ ಸಿಕ್ಕಿತು.

ವರದಿ ಹದಿನೈದು ದಿನದಲ್ಲಿ ತಯಾರಾಯಿತು. ಅದರಲ್ಲಿ ಒಂದು ಕೋಷ್ಟಕ. ಅಬ್ಬೆ ಎಂಬ ಹೆಸರಿದ್ದ ಆರು ಬಂದರುಗಳಲ್ಲಿ ಸಾವು: ಸೊನ್ನೆ. ಪ್ರಕ್ಷುಬ್ಧ ಸೂಚಕ ಎಂಬ ಹೆಸರಿದ್ದ ಆರು ಬಂದರುಗಳಲ್ಲಿ ಸಾವು: ಹದಿನೇಳು. ಸಾಫ್ಟ್‌ವೇರ್ ಒಂದೇ. ಹೆಸರಿನಿಂದ ಬಳಕೆ, ಬಳಕೆಯಿಂದ ಜೀವ. ಇಲಾಖೆಯ ದೊಡ್ಡವರು ಈ ಸಲ ನಗಲಿಲ್ಲ. ಇನ್ನು ಮುಂದೆ ಸರ್ಕಾರದ ಯಾವ ಸಾಫ್ಟ್‌ವೇರಿಗೂ ಗಂಟಲಪಟ್ಟಿಯ ಪರೀಕ್ಷೆಯಿಲ್ಲದೆ ಹೆಸರಿಡಕೂಡದೆಂದು ಆಜ್ಞೆ ಹೊರಟಿತು. ಪತ್ರಿಕೆಗಳು ವಾರಿಜಾಳ ಚಿತ್ರ ಹಾಕಿದವು. ಸ್ವಂತ ತಮ್ಮನನ್ನು ಕಳೆದುಕೊಂಡೂ ಲೋಕಕ್ಕೆ ದಾರಿ ತೋರಿದ ಮಹಿಳೆ ಎಂದು ಬರೆದವು. ತಮ್ಮನ ಸಂಗತಿ ಮುಚ್ಚಿಟ್ಟದ್ದನ್ನು ಯಾರೂ ತಪ್ಪೆನ್ನಲಿಲ್ಲ. ಅದರಲ್ಲೂ ತ್ಯಾಗವನ್ನೇ ಕಂಡರು.

ಕೋಷ್ಟಕದಲ್ಲಿ ಇಲ್ಲದ ಒಂದು ಸಾಲು ವಾರಿಜಾಳಿಗೆ ಗೊತ್ತಿತ್ತು. ತೆಂಕಳಿವೆಯಲ್ಲಿ ಸಾಫ್ಟ್‌ವೇರ್ ಇಲ್ಲದ ದೋಣಿಗಳಲ್ಲಿ ಸಾವು: ಸೊನ್ನೆ. ಇದ್ದವುಗಳಲ್ಲಿ: ಹದಿನೇಳು. ಊರಿನವರಿಗೆ ಇದು ತಿಳಿಯುವಂತಿರಲಿಲ್ಲ. ಆ ಹೆಸರನ್ನು ಯಾರೂ ಕೂಗಿರಲಿಲ್ಲವಾದ್ದರಿಂದ ಯಾವ ದೋಣಿಯಲ್ಲಿ ಅದು ಇತ್ತು, ಯಾವುದರಲ್ಲಿ ಇರಲಿಲ್ಲ ಎಂಬುದು ದಡಕ್ಕೆ ಗೊತ್ತೇ ಇಲ್ಲ. ಮಗುಚಿದ ಮೂರು ದೋಣಿಗಳಲ್ಲಿ ಅದು ಇರಲಿಲ್ಲವೆಂದೇ ಎಲ್ಲರೂ ತಿಳಿದರು. ಬದುಕಿ ಬಂದ ಹದಿಮೂರು ದೋಣಿಗಳವರು ಕೊನೆಗೆ ಬಂದ ಕೆಂಪಿಗೆ ಕೈಮುಗಿದರೇ ಹೊರತು, ಅದಕ್ಕೂ ಮೊದಲಿನ ಹಸಿರಿನ ಬಗ್ಗೆ ಯೋಚಿಸಲಿಲ್ಲ.

"ಆ ಹಸಿರನ್ನು ಈಗಲಾದರೂ ತೆಗೀರಿ ಸರ್" ಎಂದಳು ವಾರಿಜಾ.

ಕೊಪ್ಪರರು ಕನ್ನಡಕ ತೆಗೆದು ಮುಖ ಉಜ್ಜಿಕೊಂಡರು. ಮೂರು ವಾರದಲ್ಲಿ ಅವರಿಗೆ ಹತ್ತು ವರ್ಷ ವಯಸ್ಸಾದಂತಿತ್ತು. "ಈಗ ತಗದರ ಯಾಕ ತಗದಿರಿ ಅಂತ ಕೇಳ್ತಾರ. ಏನು ಹೇಳೂಣು? ಎಲ್ಲಾ ಕಡೆ ಅಬ್ಬೆ ಬಂತಲ್ಲ, ತೊಂಬತ್ತರ ಮ್ಯಾಲ ಅದ. ಅರವತ್ತಕ್ಕ ಇಳಿಯೂದ ಇಲ್ಲ. ಇಳೀದಿದ್ದರ ಆ ಹಸಿರು ಸುಳ್ಳಾಗೂದಿಲ್ಲ. ಬಿಡ್ರಿ."

ಅವಳು ಬಿಡಲಿಲ್ಲ. ಆದದ್ದನ್ನೆಲ್ಲ ನಾಲ್ಕು ಪುಟ ಬರೆದಳು. ಚೀಟಿ ಎತ್ತಿದ ದಿನ ಸುಮ್ಮನಿದ್ದದ್ದು, ಹಳದಿಯನ್ನು ತೆಗೆಸಿದ್ದು, ಜಗಲಿಯ ಮೇಲೆ ಆಣೆ ಹಾಕಿದ್ದು, ಫೋನಿನಲ್ಲಿ ಅರ್ಧವೇ ಹೇಳಿದ್ದು. ಪತ್ರಿಕೆಗೆ ಕೊಡುವ ಮೊದಲು ಸುಗಂಧಿಗೆ ಹೇಳಬೇಕೆಂದು ತೆಂಕಳಿವೆಗೆ ಹೊರಟಳು. ಇದನ್ನು ಬೇರೆಯವರ ಬಾಯಿಂದ ಅವಳು ಕೇಳಬಾರದು ಎಂಬಷ್ಟು ಮರ್ಯಾದೆ ವಾರಿಜಾಳಲ್ಲಿ ಉಳಿದಿತ್ತು.

ಹೋದಾಗ ಬೆಳಗಿನ ಬಿಸಿಲು. ಸುಗಂಧಿ ಹಿತ್ತಲಿನಲ್ಲಿ ದಾಮುವಿನ ಅಂಗಿಗಳನ್ನು ಒಗೆದು ಹರವುತ್ತಿದ್ದಳು, ಯಾರಿಗೋ ಕೊಡಲೆಂದು. ಅತ್ತಿಗೆಯನ್ನು ಕಂಡು ಚಾಪೆ ಹಾಕಿದಳು.

"ಅವ್ರದ್ದ್ ಹಟ ಅಕ್ಕ" ಎಂದಳು ತಾನಾಗಿಯೇ. "ನೀವ್ ಆವತ್ತ್ ಜಗ್ಲಿ ಮೇಲೆ ಹೇಳದ್ದ್ ನಂಗೂ ಒಳ್ಗೆ ಕೇಂಡಿತ್ತ್. ಆಣೆ ಹಾಕಿ ಹೇಳಿರೂ ಅವ್ರ್ ಕೇಣ್ಲಿಲ್ಲ. ಹಾಕ್ಕಂಡಿದ್ರೆ ಬದ್ಕ್ತಿದ್ರ್ ಅಂದೇಳಿ ಊರೆಲ್ಲ ಅದೇ ಮಾತ್. ನಂಗ್ ಅವ್ರ್ ಮೇಲೆ ಎಂತಾ ಸಿಟ್ಟ್ ಬತ್ತ್ ಗೊತ್ತಿತ್ತಾ. ಸತ್ತವ್ರ್ ಮೇಲೆ ಸಿಟ್ಟ್ ಇಟ್ಕಂಡ್ ಹ್ಯಾಂಗ್ ಬದ್ಕುದ್ ಹೇಳಿ?"

ವಾರಿಜಾ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಸುಮ್ಮನಿದ್ದರೆ ಇಲ್ಲಿಗೇ ಮುಗಿಯುತ್ತಿತ್ತು. ತಮ್ಮ ಹಟಮಾರಿಯಾಗಿ, ಅಕ್ಕನ ಮಾತು ಕೇಳದವನಾಗಿ ಊರಿನ ಬಾಯಲ್ಲಿ ಉಳಿಯುತ್ತಿದ್ದ.

"ಅವ ಹಾಕ್ಕಂಡಿದ್ದ" ಎಂದಳು.

ಆಮೇಲೆ ಎಲ್ಲವನ್ನೂ ಹೇಳಿದಳು. ಅರವತ್ತರ ಲೆಕ್ಕ, ಹಸಿರು, ಸಹಿ, ಭಾನುವಾರಗಳು. ಅಳಲಿಲ್ಲ, ಅಳುವ ಹಕ್ಕು ತನಗಿಲ್ಲ ಅನ್ನಿಸಿತ್ತು. ಸುಗಂಧಿ ಒದ್ದೆ ಅಂಗಿಯೊಂದನ್ನು ಕೈಯಲ್ಲಿ ಹಿಡಿದೇ ಕೇಳಿದಳು. ಅಂಗಿಯ ನೀರು ಅವಳ ಮಡಿಲಿಗೆ ಇಳಿಯುತ್ತಿತ್ತು.

"ನೀವ್ ಹೇಳದ್ದಕ್ಕೇ ಹಾಕ್ಕಂಡ್ರಾ?"

"ಹೌದ್."

"ಅದ್ ಸುಳ್ಳ್ ಹೇಳ್ತ್ ಅಂದೇಳಿ ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತ್."

ಸುಗಂಧಿ ಅಂಗಿಯನ್ನು ಇನ್ನೊಮ್ಮೆ ಹಿಂಡಿದಳು. ವಾರಿಜಾ ಚೀಲದಿಂದ ನಾಲ್ಕು ಪುಟ ತೆಗೆದು ಚಾಪೆಯ ಮೇಲಿಟ್ಟಳು. "ಇದನ್ನ ನಾಳೆ ಪೇಪರಿಗೆ ಕೊಡ್ತೆ. ಎಲ್ಲರಿಗೂ ಗೊತ್ತಾಯ್ಲಿ. ನನಗೆ ಏನ್ ಶಿಕ್ಷೆ ಆತ್ತೋ ಆಯ್ಲಿ."

"ಕೊಟ್ರೆ ಎಂತ ಆತ್ತ್?"

ವಾರಿಜಾಳಿಗೆ ಪ್ರಶ್ನೆ ಅರ್ಥವಾಗಲಿಲ್ಲ.

"ಜನ ಓದ್ರೆ, ಅಬ್ಬೆ ಸುಳ್ಳ್ ಹೇಳ್ತ್, ಹದಿನೇಳ್ ಜನ ಅದ್ರಿಂದ್ಲೇ ಸತ್ರ್ ಅಂದೇಳಿ ಗೊತ್ತಾರೆ, ಎಂತ ಮಾಡ್ತ್ರ್? ದೋಣಿಂದ ಕಿತ್ತ್ ಬಿಸಾಕ್ತ್ರ್ ಅಲ್ದಾ?"

"ಬಿಸಾಕ್ಬಹುದ್."

"ಎಲ್ಲರೂ ಒಟ್ಟಿಗೆ ಬಿಸಾಕ್ತ್ರಾ? ಅರ್ಧ ಜನ ಬಿಸಾಕ್ತ್ರ್. ಅರ್ಧ ಜನ ಇಟ್ಕಂತ್ರ್. ಆಗ ಅರವತ್ತ್ ಇರತ್ತಾ?"

ವಾರಿಜಾ ಚಾಪೆಯ ಮೇಲಿನ ಪುಟಗಳನ್ನು ನೋಡಿದಳು. ಏಳು ವರ್ಷ ಹೆಸರು ಮತ್ತು ಬಳಕೆಯ ಲೆಕ್ಕ ಹಾಕಿದ ಅವಳಿಗೆ ಹೊಳೆಯದ್ದು ಹೊಗೆ ತಿಂದ ಕಣ್ಣಿನ ಈ ಹೆಂಗಸಿಗೆ ಚಾಪೆಯ ಮೇಲೆ ಕೂತಲ್ಲೇ ಹೊಳೆದಿತ್ತು. ನಿಜ ಹೊರಬಿದ್ದ ವಾರದೊಳಗೆ ಅಬ್ಬೆ ಎಂಬ ಹೆಸರಿಗೆ ಗಂಟಲು ಮಿಡಿಯುವುದು ನಿಲ್ಲುತ್ತದೆ. ಅಂಕ ಇಳಿಯುತ್ತದೆ, ದೋಣಿಗಳು ಇಳಿಯುತ್ತವೆ, ಉಳಿದವರ ಪರದೆಯ ಮೇಲೆ ಹಸಿರು ಹಾಗೆಯೇ ಇರುತ್ತದೆ. ಬಾನು ನೋಡುವ ಮುದುಕರು ಬಂಡೆ ಬಿಟ್ಟು ಎದ್ದುಹೋಗಿಯಾಗಿದೆ. ಹೊಸ ಹುಡುಗರಿಗೆ ಪಡುವಣದ ಕಪ್ಪು ಯಾವುದು, ಬರಿಯ ಮೋಡ ಯಾವುದು ಎಂದು ಹೇಳಿಕೊಡುವವರಿಲ್ಲ.

"ಹಸಿರನ್ನ ಮೊದ್ಲು ತೆಗೆಸ್ತೆ, ಆಮೇಲೆ..." ಎಂದಳು. ತೆಗೆಸಬೇಕಾದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಅದೇ ಕಥೆ.

ಸುಗಂಧಿ ಅಂಗಿಯನ್ನು ಕೊಡವಿ ಹಗ್ಗಕ್ಕೆ ಹಾಕಿದಳು. ತೋಳು ಸರಿಮಾಡಿದಳು. ತಿರುಗಿ ಬಂದು ಆ ನಾಲ್ಕು ಪುಟಗಳನ್ನು ಎತ್ತಿಕೊಂಡು, ಓದದೆ, ನಾಲ್ಕು ಮಡಿಕೆ ಮಡಿಸಿ ಹಿತ್ತಲಿನ ಬಚ್ಚಲೊಲೆಯ ಬಾಯಿಗಿಟ್ಟಳು.

"ನನ್ನ ತಮ್ಮ ನಿನ್ನೆಯಿಂದ ಕಡ್ಲಿಗ್ ಹ್ವಾತಾ ಇದ್ದ. ಅವ್ನ ದೋಣಿಲೂ ಈಗ ಅಬ್ಬೆಯೇ ಇತ್ತ್. ನೀವ್ ಬಾಯಿ ಮುಚ್ಕಂಡಿರಿ. ನಾನೂ ಮುಚ್ಕಂಡಿರ್ತೆ. ಅವ್ರ್ ಹಟಕ್ಕೇ ಸತ್ರ್ ಅಂದೇಳಿ ಊರ್ ಹೇಳ್ಲಿ, ಮಗ್ಳಿಗೂ ಹಾಂಗೇ ಹೇಳ್ತೆ."

"ಸುಗಂಧಿ..."

"ಇನ್ ಈ ಮನಿಗ್ ಬರ್ಬೇಡಿ ಅಕ್ಕ."

ಸಿಟ್ಟಿನಿಂದ ಹೇಳಲಿಲ್ಲ. ದಿನದ ಕೆಲಸಗಳ ನಡುವೆ ಇದೂ ಒಂದು ಎಂಬಂತೆ ಹೇಳಿ ಉಳಿದ ಬಟ್ಟೆಗಳ ಬುಟ್ಟಿಗೆ ಕೈಹಾಕಿದಳು. ವಾರಿಜಾ ಎದ್ದು ಚಾಪೆ ಸುತ್ತಿ ಗೋಡೆಗೆ ಒರಗಿಸಿಟ್ಟಳು. ಹಿತ್ತಲ ಬಾಗಿಲಿನಿಂದಲೇ ಹೊರಗೆ ಬಂದು ಬಸ್ಸು ನಿಲ್ಲುವ ಕಡೆಗೆ ನಡೆದಳು. ಎದುರಿಗೆ ಬಂದ ಮೂವರು ಮೀನುಗಾರರು ಅವಳನ್ನು ಗುರುತಿಸಿ, ನಿಂತು, ಕೈಮುಗಿದರು. ಅವಳೂ ಮುಗಿದಳು.